ಇಂಜಿನಿಗೂ ಟರ್ಬೈನಿಗೂ ನಡುವಣ ಕೊಳವೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ತಿರುಗುವ ಚಕ್ರಗಳನ್ನು ಕೊಂಡಾಡುವಷ್ಟು ಅವುಗಳಿಗೆ ಹಾದಿಮಾಡಿಕೊಡುವ ಕೊಳವೆಗಳನ್ನು ಕೊಂಡಾಡುವುದಿಲ್ಲ. ಟರ್ಬೋಚಾರ್ಜರೆಂಬ ಉಪಕರಣದ ಚರಿತ್ರೆಯಲ್ಲಿಯೂ ಹೀಗೆಯೇ ಆಗಿದೆ. ನಿಮಿಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಸುತ್ತು ತಿರುಗಬಲ್ಲ ಅದರ ಚಕ್ರವನ್ನು ಎಲ್ಲರೂ ವರ್ಣಿಸಿದ್ದಾರೆ. ಸಿಲಿಂಡರುಗಳಿಂದ ಹೊಗೆಯನ್ನು ತಂದು ಆ ಚಕ್ರಕ್ಕೆ ಒಪ್ಪಿಸುವ ಕೊಳವೆಗಳ ಗೊಂಚಲನ್ನು ಮಾತ್ರ ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ಕಾರ್ಖಾನೆಯವರು ಇದನ್ನು ಮ್ಯಾನಿಫೋಲ್ಡೆಂದೂ, ಒಂದೊಂದು ಸಿಲಿಂಡರಿಗೆ ಒಂದೊಂದು ಕೊಳವೆಯಿಟ್ಟು ಬೆಸೆದು ಮಾಡಿದ್ದಾದರೆ ಹೆಡರೆಂದೂ ಕರೆಯುತ್ತಾರೆ. ನಾವು ಹೊಗೆಗೊಳವೆಯೆಂದೇ ಕರೆಯೋಣ. ಈ ಉಪಕರಣದ ಮೊದಲ ದಿನಗಳ ಸೋಲಿಗೂ ತರುವಾಯದ ಗೆಲವಿಗೂ ಕಾರಣವನ್ನು ಹುಡುಕುತ್ತ ಹೊರಟರೆ, ಬಹುಮಟ್ಟಿಗೆ ನಾವು ಬಂದು ನಿಲ್ಲುವುದು ಈ ಹೊಗೆಗೊಳವೆಯ ಬಾಯಿಯಲ್ಲಿಯೇ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕಾಗಿದೆ. ಪೆಟ್ರೋಲನ್ನಾಗಲಿ ಡೀಸೆಲ್ ಎಣ್ಣೆಯನ್ನಾಗಲಿ ಉರಿಸುವ ಇಂಜಿನಿನಲ್ಲಿ ಹುಟ್ಟುವ ಉಷ್ಣದ ಸುಮಾರು ಮೂರರಲ್ಲೊಂದು ಪಾಲು ಹೊಗೆಯೊಡನೆ ಹೊರಬಿದ್ದು ವ್ಯರ್ಥವಾಗುತ್ತದೆ. ಇಂಜಿನಿನ ಶಕ್ತಿಯಾದರೋ ಅದು ಸೇವಿಸುವ ಗಾಳಿಯ ತೂಕವನ್ನು ಅವಲಂಬಿಸಿದೆ. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಎಣ್ಣೆಯನ್ನು ಉರಿಸಬಹುದು. ಹೀಗಿರಲು, ವ್ಯರ್ಥವಾಗಿ ಹೋಗುವ ಹೊಗೆಯಿಂದ ಒಂದು ಸಣ್ಣ ಟರ್ಬೈನನ್ನು ತಿರುಗಿಸಿ, ಅದೇ ಅಚ್ಚಿಗೆ ಗಾಳಿಯನ್ನು ಒತ್ತುವ ಮತ್ತೊಂದು ಚಕ್ರವನ್ನು ಕಟ್ಟಿ, ಆ ಒತ್ತಿದ ಗಾಳಿಯನ್ನು ಇಂಜಿನಿಗೇ ಉಣಿಸಿದರೆ ಹೇಗೆ? ಟರ್ಬೋಚಾರ್ಜರಿನ ತತ್ತ್ವವು ಇಷ್ಟೇ. ಹೇಳುವುದು ಸುಲಭ, ಆ ಹೊಗೆಯನ್ನು ಅದರ ಬಲ ಕುಂದದಂತೆ ಟರ್ಬೈನಿನವರೆಗೆ ಒಯ್ಯುವುದು ಸುಲಭವಲ್ಲ.

ಈ ಆಲೋಚನೆಯು ಸ್ಪಷ್ಟರೂಪವನ್ನು ತಾಳಿದ್ದು ಸ್ವಿಟ್ಸರ್ಲೆಂಡಿನ ಇಂಜಿನಿಯರನಾದ ಆಲ್ಫ್ರೆಡ್ ಬ್ಯೂಕಿಯ ಬುದ್ಧಿಯಲ್ಲಿ. ಈತನು ೧೮೭೯ರಲ್ಲಿ ವಿಂಟರ್‌ಥೂರ್ ನಗರದಲ್ಲಿ ಹುಟ್ಟಿ, ಜೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ಓದಿ, ತನ್ನ ೨೬ನೆಯ ವಯಸ್ಸಿನಲ್ಲಿ, ಎಂದರೆ ೧೯೦೫ರ ನವೆಂಬರಿನಲ್ಲಿ, ಜರ್ಮನಿಯಲ್ಲಿ ಒಂದು ಪೇಟೆಂಟಿಗೆ ಅರ್ಜಿಯನ್ನು ಹಾಕಿದನು. ಗಾಳಿಯನ್ನು ಒತ್ತುವ ಯಂತ್ರ, ಪಿಸ್ಟನ್ ಇಂಜಿನು, ಹೊಗೆಯ ಟರ್ಬೈನು ಈ ಮೂರನ್ನೂ ಒಂದೇ ಅಚ್ಚಿನಲ್ಲಿ ಪೋಣಿಸಿದ ರಚನೆ ಅದು. ರುಡಾಲ್ಫ್ ಡೀಸೆಲ್ಲನ ಇಂಜಿನು ಪರೀಕ್ಷೆಯಲ್ಲಿ ಗೆದ್ದು ಆಗ ಇನ್ನೂ ಎಂಟು ವರ್ಷಗಳಾಗಿದ್ದುವಷ್ಟೆ. ತರುವಾಯ ಬ್ಯೂಕಿಯು ತನ್ನೂರಿನ ಸುಲ್ಜರ್ ಸಹೋದರರ ಕಾರ್ಖಾನೆಯನ್ನು ಸೇರಿದನು. ೧೯೧೧ರಿಂದ ಮೊದಲ್ಗೊಂಡು ಅಲ್ಲಿ ಪ್ರಯೋಗಗಳು ನಡೆದುವು. ಫಲ ಮಾತ್ರ ಕೈಗೂಡಲಿಲ್ಲ. ಕಾರಣಗಳು ಹಲವು. ಆ ಕಾಲದ ಟರ್ಬೈನುಗಳೂ ಗಾಳಿಯೊತ್ತುವ ಚಕ್ರಗಳೂ ತಮಗೆ ದೊರೆತ ಶಕ್ತಿಯಲ್ಲಿ ಬಹುಭಾಗವನ್ನು ತಾವೇ ಕಬಳಿಸುತ್ತಿದ್ದುವು. ಅದಕ್ಕಿಂತಲೂ ಸೂಕ್ಷ್ಮವಾದ ತೊಡಕು ಹೊಗೆಗೊಳವೆಯಲ್ಲಿತ್ತು.

ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದೇ ದೊಡ್ಡ ಕೊಳವೆಗೆ ಸುರಿದು, ಅಲ್ಲಿ ಅದು ಶಾಂತವಾದ ಮೇಲೆ ಟರ್ಬೈನಿಗೆ ಬಿಡುವುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಟರ್ಬೈನಿಗೂ ಅದೇ ಇಷ್ಟ; ಒಂದೇ ಸಮನಾಗಿ ಹರಿದುಬರುವ ಅನಿಲದಲ್ಲಿ ಅದು ಚೆನ್ನಾಗಿ ತಿರುಗುತ್ತದೆ. ಆದರೆ ಇದು ಬೆಟ್ಟದ ಝರಿಯನ್ನು ಕೆರೆಗೆ ಬೀಳಿಸಿ, ಕೆರೆಯ ತೂಬಿನ ನೀರಿನಿಂದ ಗಿರಣಿಯ ಚಕ್ರವನ್ನು ತಿರುಗಿಸಿದಂತೆ. ಝರಿಯ ರಭಸವೆಲ್ಲ ಕೆರೆಯ ನೀರನ್ನು ಕಲಕುವುದರಲ್ಲಿಯೇ ತೀರಿಹೋಗುತ್ತದೆ. ತೂಬಿನಲ್ಲಿ ಉಳಿಯುವುದು ಕೆರೆಯ ಮಟ್ಟದ ಒತ್ತಡ ಮಾತ್ರ. ಹೊಗೆಯ ವಾಲ್ವು ತೆರೆದ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲವು ಹೊರಗಿನ ಗಾಳಿಗಿಂತ ಹಲವು ಪಟ್ಟು ಒತ್ತಡವುಳ್ಳದ್ದಾಗಿ, ಶಬ್ದದ ವೇಗದಿಂದ ಹೊರಕ್ಕೆ ನುಗ್ಗುತ್ತದೆ. ಈ ಮೊದಲ ನುಗ್ಗಿನ ಬಲವೇ ದೊಡ್ಡ ಕೊಳವೆಯಲ್ಲಿ ವ್ಯರ್ಥವಾಗುವುದು.

ಇದಕ್ಕಿಂತ ಕೆಟ್ಟ ಪರಿಣಾಮವೊಂದುಂಟು. ದೊಡ್ಡ ಕೊಳವೆಯಲ್ಲಿ ಯಾವಾಗಲೂ ಒತ್ತಡವಿರುತ್ತದೆ. ಟರ್ಬೈನಿನ ಸಾಮರ್ಥ್ಯ ಕಡಿಮೆಯಾಗಿದ್ದರೆ ಅದು ಒದಗಿಸುವ ತಾಜಾ ಗಾಳಿಯ ಒತ್ತಡವು ಹೊಗೆಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ. ಹಾಗಾದಾಗ ಸಿಲಿಂಡರಿನಲ್ಲಿ ಉಳಿದ ಹಳೆಯ ಹೊಗೆಯನ್ನು ಹೊಸ ಗಾಳಿಯು ಹೊರದೂಡಲಾರದು. ತಾನು ಬಿಟ್ಟ ಉಸಿರನ್ನು ತಾನೇ ಮತ್ತೆ ಎಳೆದುಕೊಳ್ಳುವ ಮನುಷ್ಯನಂತೆ ಇಂಜಿನು ಏದುತ್ತದೆ. ಪಿಸ್ಟನ್ನುಗಳೂ ವಾಲ್ವುಗಳೂ ಮಿತಿಮೀರಿ ಕಾಯುತ್ತವೆ.

ಬ್ಯೂಕಿಯು ೧೯೧೫ರಲ್ಲಿ ಒಂದು ಪರಿಹಾರವನ್ನು ಸೂಚಿಸಿದನು. ಹೊಗೆಯ ವಾಲ್ವು ಮುಚ್ಚುವುದಕ್ಕೆ ಮೊದಲೇ ಗಾಳಿಯ ವಾಲ್ವು ತೆರೆದು, ಸ್ವಲ್ಪ ಕಾಲ ಎರಡೂ ಒಟ್ಟಿಗೆ ತೆರೆದಿರುವಂತೆ ಮಾಡಿದರೆ ಹೊಸ ಗಾಳಿಯು ಸಿಲಿಂಡರನ್ನು ಗುಡಿಸಿಕೊಂಡು ಹೋಗುವುದೆಂದು. ಆದರೆ ಗುಡಿಸುವವನ ಮುಖಕ್ಕೆ ಎದುರುಗಾಳಿ ಬೀಸುತ್ತಿದ್ದರೆ ಗುಡಿಸಿ ಪ್ರಯೋಜನವೇನು? ಒಂದು ಸಿಲಿಂಡರು ಹೀಗೆ ಶುಚಿಯಾಗುತ್ತಿರುವಾಗಲೇ ನೆರೆಯ ಸಿಲಿಂಡರಿನ ಹೊಗೆ ಅದೇ ಕೊಳವೆಗೆ ನುಗ್ಗಿದರೆ ಕಸವೆಲ್ಲ ಹಿಂದಕ್ಕೇ ಬರುವುದು.

ಇದಕ್ಕೆ ಸರಿಯಾದ ಉತ್ತರವು ದೊರೆತದ್ದು ಮತ್ತೆ ಹತ್ತು ವರ್ಷಗಳ ತರುವಾಯ, ೧೯೨೫ರ ಪೇಟೆಂಟಿನಲ್ಲಿ. ನನ್ನ ಅಭಿಪ್ರಾಯದಲ್ಲಿ ಬ್ಯೂಕಿಯ ನಿಜವಾದ ಆವಿಷ್ಕಾರವು ೧೯೦೫ರದಲ್ಲ, ಇದು. ಇದರಲ್ಲಿ ಹೊಸ ಚಕ್ರವಿಲ್ಲ, ಹೊಸ ಇಂಧನವಿಲ್ಲ. ಕೊಳವೆಗಳ ಹಂಚಿಕೆ ಮಾತ್ರ ಇದೆ. ಒಂದೇ ದೊಡ್ಡ ಕೊಳವೆಯನ್ನು ಬಿಟ್ಟು, ಒಂದರ ಹೊಗೆ ಇನ್ನೊಂದರ ಹೊಗೆಗೆ ಅಡ್ಡಬಾರದ ಸಿಲಿಂಡರುಗಳನ್ನು ಗುಂಪುಮಾಡಿ, ಪ್ರತಿ ಗುಂಪಿಗೂ ಕಿರಿದಾದ, ಗಿಡ್ಡವಾದ ಪ್ರತ್ಯೇಕ ಕೊಳವೆಯನ್ನಿಟ್ಟು, ಆ ಕೊಳವೆಗಳನ್ನು ಟರ್ಬೈನಿನ ಬಾಗಿಲವರೆಗೂ ಬೆರೆಸದೆ ಒಯ್ಯುವುದೇ ಇದರ ಸಾರ. ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಹಿಡಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಅದೇ ಉಸಿರನ್ನು ಕಿರಿದಾದ ಕೊಳವೆಯಲ್ಲಿ ಊದಿದರೆ ಕೆಂಡವು ಹೊತ್ತಿಕೊಳ್ಳುತ್ತದೆ. ಹಂಡೆಯೊಳಗೆ ಊದಿದರೆ ಬೂದಿಯೂ ಅಲುಗದು.

ಹಂಚಿಕೆಯ ಲೆಕ್ಕವು ಸರಳವೂ ಸುಂದರವೂ ಆಗಿದೆ. ನಾಲ್ಕು ಹೊಡೆತಗಳ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಕ್ರ್ಯಾಂಕಿನ ಎರಡು ಸುತ್ತಿಗೆ, ಎಂದರೆ ೭೨೦ ಡಿಗ್ರಿಗೆ, ಒಮ್ಮೆ ಹೊಗೆಯನ್ನು ಬಿಡುತ್ತದೆ. ಆರು ಸಿಲಿಂಡರುಗಳಿದ್ದರೆ ೧೨೦ ಡಿಗ್ರಿಗೊಂದರಂತೆ ಹೊಗೆಯ ಹೊಡೆತಗಳು ಬರುತ್ತವೆ. ಒಂದೊಂದು ಹೊಗೆ ಹೊರಬೀಳುವುದಕ್ಕೆ ಸುಮಾರು ೨೪೦ ಡಿಗ್ರಿ ಹಿಡಿಯುವುದರಿಂದ, ಒಂದೇ ಕೊಳವೆಯಾದರೆ ಯಾವಾಗಲೂ ಇಬ್ಬರು ಒಂದೇ ಬಾಗಿಲಲ್ಲಿ ನೂಕಾಡುತ್ತಿರುತ್ತಾರೆ. ಈ ಇಂಜಿನುಗಳು ಉರಿಯುವ ವಾಡಿಕೆಯ ಕ್ರಮ ೧, ೫, ೩, ೬, ೨, ೪. ಇದರಲ್ಲಿ ಒಂದು ಬಿಟ್ಟು ಒಂದನ್ನು ಆರಿಸಿದರೆ ೧, ೩, ೨ ಒಂದು ಗುಂಪು; ೫, ೬, ೪ ಮತ್ತೊಂದು ಗುಂಪು. ಎಂದರೆ ಇಂಜಿನಿನ ಮುಂದಿನ ಮೂರು ಸಿಲಿಂಡರುಗಳಿಗೆ ಒಂದು ಕೊಳವೆ, ಹಿಂದಿನ ಮೂರಕ್ಕೆ ಇನ್ನೊಂದು. ಪ್ರತಿ ಕೊಳವೆಯಲ್ಲಿಯೂ ಹೊಡೆತಗಳ ಅಂತರ ೨೪೦ ಡಿಗ್ರಿಯಾಗುತ್ತದೆ. ಒಬ್ಬನು ಹೊರಟುಹೋಗುವ ಹೊತ್ತಿಗೆ ಮತ್ತೊಬ್ಬನು ಬರುತ್ತಾನೆ. ಅಕ್ಕಪಕ್ಕದ ಮೂರು ಮೂರು ಸಿಲಿಂಡರುಗಳೇ ಒಂದೊಂದು ಗುಂಪಾಗಿ ಬಂದದ್ದು ಕೊಳವೆಯನ್ನು ಕಟ್ಟುವವರ ಭಾಗ್ಯ. ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ ಇಂತಹ ಅನುಕೂಲವಿಲ್ಲ. ಅಲ್ಲಿನ ಕ್ರಮ ೧, ೩, ೪, ೨ ಆದ್ದರಿಂದ ಎರಡು ಕೊನೆಗಳ ಸಿಲಿಂಡರುಗಳು ಒಂದು ಜೋಡಿ, ನಡುವಿನವೆರಡು ಒಂದು ಜೋಡಿ. ಹೊರಗಿನ ಜೋಡಿಯ ಕೊಳವೆಗಳು ಒಳಗಿನ ಜೋಡಿಯನ್ನು ಬಳಸಿಕೊಂಡು ಬರಬೇಕು. ಇಂದಿಗೂ ಹೆಡರನ್ನು ಬೆಸೆಯುವವನ ಬೆವರಿಳಿಸುವ ಜಾಗ ಇದೇ.

ಈ ನಡುವೆ ಕಾರ್ಖಾನೆಗಳು ಸುಮ್ಮನಿರಲಿಲ್ಲ. ಬ್ರೌನ್ ಬೊವೆರಿ ಎಂಬ ಸ್ವಿಸ್ ಸಂಸ್ಥೆಯು ೧೯೨೪ರಲ್ಲಿ ಭಾರಿ ಇಂಜಿನಿಗೆ ತಕ್ಕ ತನ್ನ ಮೊದಲ ಟರ್ಬೋಚಾರ್ಜರನ್ನು ವಿಂಟರ್‌ಥೂರಿನ ಲೋಕೊಮೋಟಿವ್ ಕಾರ್ಖಾನೆಗೆ ಒದಗಿಸಿತು. ೧೯೨೬ರಲ್ಲಿ ‘ಪ್ರಾಯ್ಸನ್’, ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳು ಬಾಲ್ಟಿಕ್ ಸಮುದ್ರಕ್ಕಿಳಿದುವು. ಮೊದಲ ಮಹಾಯುದ್ಧದ ಒಪ್ಪಂದದಿಂದ ಪೂರ್ವ ಪ್ರಷ್ಯವು ಜರ್ಮನಿಯ ಉಳಿದ ಭಾಗದಿಂದ ಬೇರೆಯಾಗಿಹೋಗಿದ್ದಿತಷ್ಟೆ. ಪರದೇಶದ ನೆಲವನ್ನು ತುಳಿಯದೆ ಅಲ್ಲಿಗೆ ಜನರನ್ನು ಮುಟ್ಟಿಸುವುದು ಈ ಹಡಗುಗಳ ಕೆಲಸ. ಇವುಗಳಲ್ಲಿದ್ದ ಹತ್ತು ಸಿಲಿಂಡರುಗಳ ಡೀಸೆಲ್ ಇಂಜಿನುಗಳು ಟರ್ಬೋಚಾರ್ಜರಿಲ್ಲದೆ ತಲಾ ೧,೭೫೦ ಅಶ್ವಶಕ್ತಿಯನ್ನು ಕೊಡುತ್ತಿದ್ದುದು, ಅದನ್ನು ಜೋಡಿಸಿದ ಮೇಲೆ ೨,೫೦೦ಕ್ಕೆ ಏರಿತು. ಹೊಗೆಯಿಂದಲೇ ನೂರಕ್ಕೆ ನಲವತ್ತಕ್ಕೂ ಹೆಚ್ಚು ಲಾಭ! ೧೯೨೮ರಲ್ಲಿ ಬ್ಯೂಕಿಯೂ ಈ ಎರಡು ಸ್ವಿಸ್ ಸಂಸ್ಥೆಗಳೂ ಕೂಡಿ ಒಂದು ಕೂಟವನ್ನು ಕಟ್ಟಿಕೊಂಡು, ಕೊಳವೆಗಳ ಹಂಚಿಕೆಯ ಪದ್ಧತಿಯನ್ನು ಹಲವು ದೇಶಗಳಿಗೆ ಹರಡಿದರು. ಆ ಎರಡು ಹಡಗುಗಳ ಕಥೆ ಮಾತ್ರ ದುಃಖಾಂತವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸಿಡಿಗುಂಡುಗಳನ್ನು ಬಿತ್ತುವ ಕೆಲಸಕ್ಕೆ ಅವುಗಳನ್ನು ಹಚ್ಚಲಾಗಿ, ೧೯೪೧ರ ಜುಲೈ ೯ರಂದು ಸ್ವೀಡನ್ನಿನ ಓಲಂಡ್ ದ್ವೀಪದ ಬಳಿ ಆ ದೇಶದವರು ಹಾಕಿದ್ದ ಸಿಡಿಗುಂಡುಗಳಿಗೇ ತಗುಲಿ ಎರಡೂ ಒಂದೇ ದಿನ ಮುಳುಗಿದುವು.

ಇನ್ನು ಆಕಾಶದ ಕಡೆಗೆ ನೋಡೋಣ. ಅಲ್ಲಿ ಪ್ರಶ್ನೆಯೇ ಬೇರೆಯಾಗಿತ್ತು. ಮೇಲೇರಿದಂತೆಲ್ಲ ಗಾಳಿ ತೆಳುವಾಗುವುದರಿಂದ ವಿಮಾನದ ಇಂಜಿನು ಬಳಲುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಒಗುಸ್ತ್ ರಾತೋ ಎಂಬ ಟರ್ಬೈನ್ ಪಂಡಿತನು ಹೊಗೆಯ ಟರ್ಬೈನನ್ನು ವಿಮಾನದ ಇಂಜಿನಿಗೆ ಜೋಡಿಸಿದನು. ಆ ಸುದ್ದಿಯ ಬೆನ್ನಿಗೇ ಅಮೆರಿಕದಲ್ಲಿ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫರ್ಡ್ ಮಾಸನು ಅದೇ ಕೆಲಸವನ್ನು ಕೈಕೊಂಡನು. ಎತ್ತರದ ಗಾಳಿಯಲ್ಲಿ ಪರೀಕ್ಷೆ ನಡೆಯಬೇಕು. ಆದರೆ ಹಾರುತ್ತಿರುವ ವಿಮಾನದಲ್ಲಿ ಅಳತೆಮಾಡುವುದು ಕಷ್ಟ. ಆದಕಾರಣ ೧೯೧೮ರಲ್ಲಿ ಕಾಲರಾಡೋ ಪ್ರಾಂತದ ಪೈಕ್ಸ್ ಪೀಕ್ ಎಂಬ ೧೪,೦೦೦ ಅಡಿಗೂ ಮಿಗಿಲಾದ ಬೆಟ್ಟದ ನೆತ್ತಿಗೆ ಲಿಬರ್ಟಿ ಇಂಜಿನನ್ನು ಬಂಡಿಯ ಮೇಲೆ ಸಾಗಿಸಿದರು. ತಗ್ಗಿನಲ್ಲಿ ೩೫೦ ಅಶ್ವಶಕ್ತಿಯಿದ್ದ ಆ ಇಂಜಿನು ಬೆಟ್ಟದ ಮೇಲೆ ೨೩೦ಕ್ಕೆ ಇಳಿಯಿತು. ಟರ್ಬೈನನ್ನು ಜೋಡಿಸಿದಾಗ ೩೫೬ಕ್ಕೆ ಏರಿತು.

ಯುದ್ಧವು ಮುಗಿದ ಮೇಲೆ ಇದೇ ಉಪಕರಣದೊಡನೆ ಲೆಪೇರ್ ಎಂಬ ಎರಡು ಅಂತಸ್ತಿನ ರೆಕ್ಕೆಯ ವಿಮಾನವು ಹಾರಿತು. ೧೯೨೦ರ ಫೆಬ್ರುವರಿ ೨೭ರಂದು ಮೇಜರ್ ರುಡಾಲ್ಫ್ ಶ್ರೋಡರನು ಅದರಲ್ಲಿ ಓಹಾಯೋ ಪ್ರಾಂತದ ಡೇಟನ್ನಿನಿಂದ ಮೇಲಕ್ಕೇರಿ ೩೩,೦೦೦ ಅಡಿಯನ್ನು ದಾಟಿದನು. ತೆರೆದ ಆಸನ, ಮೂಳೆ ಕೊರೆಯುವ ಚಳಿ. ಆಮ್ಲಜನಕದ ಸರಬರಾಯಿಯಲ್ಲಿ ತೊಂದರೆಯಾಯಿತು, ಕನ್ನಡಕವನ್ನು ಮೇಲೆತ್ತಿದೊಡನೆ ಕಣ್ಣುಗಳ ತೇವವು ಹೆಪ್ಪುಗಟ್ಟಿತು, ಪ್ರಜ್ಞೆ ತಪ್ಪಿತು. ವಿಮಾನವು ಐದಾರು ಮೈಲಿಗಳಷ್ಟು ಕೆಳಕ್ಕೆ ಬಿದ್ದಿತು. ನೆಲಕ್ಕೆ ಸ್ವಲ್ಪವೇ ಎತ್ತರದಲ್ಲಿ ಎಚ್ಚರಗೊಂಡು, ಅರೆಗುರುಡಾಗಿದ್ದರೂ ಅವನು ಅದನ್ನು ಸುರಕ್ಷಿತವಾಗಿ ಇಳಿಸಿದನು. ಇಂಜಿನಿಗೆ ಉಸಿರಾಡುವುದನ್ನು ಕಲಿಸಿದವರು ಮನುಷ್ಯನಿಗೆ ಉಸಿರನ್ನು ಒದಗಿಸುವುದನ್ನು ಇನ್ನೂ ಕಲಿತಿರಲಿಲ್ಲ. ಮರುವರ್ಷವೇ ಜಾನ್ ಮೆಕ್‌ರೆಡಿಯು ಅದೇ ವಿಮಾನದಲ್ಲಿ ಇನ್ನೂ ಮೇಲಕ್ಕೆ ಹೋದನು.

ವಿಮಾನದಲ್ಲಿ ಹೊಗೆಗೊಳವೆಗೆ ಬಂದ ಕಷ್ಟವು ಹಡಗಿನದಕ್ಕಿಂತ ಕಠಿನವಾದದ್ದು. ಡೀಸೆಲ್ಲಿನ ಹೊಗೆ ಸಾಮಾನ್ಯವಾಗಿ ೪೦೦ರಿಂದ ೫೦೦ ಸೆಂಟಿಗ್ರೇಡ್ ಡಿಗ್ರಿಯಷ್ಟು ಬಿಸಿ. ಪೆಟ್ರೋಲಿನದು ೮೦೦ನ್ನೂ ಮೀರುತ್ತದೆ. ಅಷ್ಟು ಬಿಸಿಯಲ್ಲಿ ಸಾದಾ ಉಕ್ಕು ತುಕ್ಕಿನ ಚಕ್ಕೆಗಳಾಗಿ ಉದುರಿಹೋಗುತ್ತದೆ. ಎರಕದ ಕಬ್ಬಿಣವು ಬಹುಕಾಲ ಬಾಳಬಹುದು. ಆದರೆ ಅದರ ಭಾರವನ್ನು ಹೊತ್ತುಕೊಂಡು ಹಾರುವುದು ಹೇಗೆ? ಕೊಳವೆಯ ಗೋಡೆ ತೆಳುವಾಗಿರಬೇಕು, ಕೆಂಪಗೆ ಕಾದರೂ ಗಟ್ಟಿಯಾಗಿರಬೇಕು. ಜರ್ಮನಿಯ ಎಸ್ಸೆನ್ ನಗರದ ಕ್ರುಪ್ ಕಾರ್ಖಾನೆಯಲ್ಲಿ ಸ್ಟ್ರೌಸ್ ಮತ್ತು ಮೌರರ್ ಎಂಬವರು ೧೯೧೨ರಲ್ಲಿ ಪೇಟೆಂಟು ಪಡೆದಿದ್ದ, ಕ್ರೋಮಿಯಮ್ಮೂ ನಿಕ್ಕಲ್ಲೂ ಸೇರಿದ ತುಕ್ಕುಹಿಡಿಯದ ಉಕ್ಕು ಇಲ್ಲಿ ಕೈಗೆ ಬಂದಿತು. ಇಂದು ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆಗಳೆಂದು ಬಳಸುವ ಲೋಹವು ಇದೇ ವಂಶದ್ದು. ನೂರಕ್ಕೆ ೧೮ ಕ್ರೋಮಿಯಂ, ೮ ನಿಕ್ಕಲ್ ಇರುವುದು ಇದರ ಪ್ರಸಿದ್ಧವಾದ ಪಾಕ.

ಪಾತ್ರೆಗೆ ಒಪ್ಪಿದ ಪಾಕವು ಹೊಗೆಗೊಳವೆಗೆ ಹಾಗೆಯೇ ಒಪ್ಪಲಿಲ್ಲ. ಸುಮಾರು ೪೫೦ರಿಂದ ೮೫೦ ಡಿಗ್ರಿಯ ಬಿಸಿಯಲ್ಲಿ ಹೆಚ್ಚುಹೊತ್ತು ಇದ್ದರೆ ಈ ಉಕ್ಕಿನಲ್ಲಿರುವ ಇಂಗಾಲವು ಕ್ರೋಮಿಯಮ್ಮನ್ನು ಹಿಡಿದುಕೊಂಡು ಲೋಹದ ಕಣಗಳ ಅಂಚಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕಾವಲುಗಾರನಂತಿದ್ದ ಕ್ರೋಮಿಯಂ ಅಲ್ಲಿ ಬರಿದಾಗಲು ಅಂಚುಗಳು ಕೊರೆದುಹೋಗಿ, ನೋಡುವುದಕ್ಕೆ ಹೊಳೆಯುತ್ತಿರುವ ಕೊಳವೆಯೇ ಬೆಸುಗೆಯ ಪಕ್ಕದಲ್ಲಿ ಬಿರಿಯುತ್ತದೆ. ಇಂಗಾಲಕ್ಕೆ ಕ್ರೋಮಿಯಮ್ಮಿಗಿಂತಲೂ ಹೆಚ್ಚು ಪ್ರಿಯವಾದ ಟೈಟೇನಿಯಮ್ಮನ್ನೋ ಕೊಲಂಬಿಯಮ್ಮನ್ನೋ ಸ್ವಲ್ಪ ಬೆರೆಸಿ ಅದನ್ನು ಕಟ್ಟಿಹಾಕುವುದೇ ಇದಕ್ಕೆ ಮದ್ದೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡರು. ಟೈಟೇನಿಯಂ ಬೆರೆತ ಆ ಉಕ್ಕನ್ನು ೩೨೧ ಎಂಬ ಅಂಕೆಯಿಂದ ಕರೆಯುವರು. ಒಳ್ಳೆಯ ಹೆಡರುಗಳಿಗೆ ಇಂದಿಗೂ ಅದೇ ಬೇಕು. ೧೯೩೦ರ ದಶಕದ ಆದಿಯಲ್ಲಿ, ನಾಲ್ಕರಲ್ಲಿ ಮೂರು ಪಾಲು ನಿಕ್ಕಲ್ಲೇ ಆದ ಇಂಕೊನೆಲ್ ಎಂಬ ಮಿಶ್ರಲೋಹವೂ ಬಂದು ವಿಮಾನದ ಹೊಗೆಗೊಳವೆಗಳಿಗೆ ಸಲ್ಲತೊಡಗಿತು.

ಲೋಹವು ಉರಿದುಹೋಗದಿದ್ದರೆ ಸಾಲದು, ಅದು ಹಿಗ್ಗುವುದನ್ನೂ ತಾಳಬೇಕು. ಒಂದು ಗಜ ಉದ್ದದ ಇಂತಹ ಉಕ್ಕಿನ ಕೊಳವೆಯು ೭೦೦ ಡಿಗ್ರಿ ಬಿಸಿಯೇರಿದಾಗ ಅರ್ಧ ಅಂಗುಲಕ್ಕೆ ಸ್ವಲ್ಪವೇ ಕಡಿಮೆಯಾಗಿ ಬೆಳೆಯುತ್ತದೆ. ಅದರ ಒಂದು ಕೊನೆ ನೀರಿನಿಂದಲೋ ಗಾಳಿಯಿಂದಲೋ ತಣ್ಣಗಿರುವ ಇಂಜಿನಿಗೆ ಕಟ್ಟಿದೆ, ಇನ್ನೊಂದು ಕೊನೆ ಟರ್ಬೈನಿಗೆ ಕಟ್ಟಿದೆ. ಬೆಳೆಯುವುದಕ್ಕೆ ಎಡೆಯಿಲ್ಲದಿದ್ದರೆ ಕೊಳವೆಯು ತನ್ನನ್ನೇ ಸೀಳಿಕೊಳ್ಳುತ್ತದೆ. ರೈಲಿನ ಕಂಬಿಗಳ ನಡುವೆ ಸಂದುಬಿಡುವಂತೆ ಇಲ್ಲಿಯೂ ಒಂದರೊಳಗೊಂದು ಜಾರುವ ಕೀಲುಗಳನ್ನೂ, ಗುಂಡಿನಂತೆ ಹೊರಳುವ ಕೀಲುಗಳನ್ನೂ, ತಿದಿಯಂತೆ ಮಡಿಕೆಮಡಿಕೆಯಾದ ಕೊಳವೆಗಳನ್ನೂ ಇಡಬೇಕಾಯಿತು. ಇಟ್ಟ ಸಂದಿನಲ್ಲಿ ಹೊಗೆ ಸೋರಬಾರದು. ೨೫,೦೦೦ ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವು ನೆಲದ ಮೇಲಣ ಒತ್ತಡದ ಮೂರರಲ್ಲೊಂದು ಪಾಲಿಗಿಂತ ತುಸುವೇ ಹೆಚ್ಚು. ಕೊಳವೆಯೊಳಗಿನ ಒತ್ತಡವಾದರೋ ಹೆಚ್ಚುಕಡಿಮೆ ನೆಲದ ಮಟ್ಟದ್ದೇ. ಸಣ್ಣ ಬಿರುಕಿನಿಂದಲೂ ಕಾದ ಅನಿಲವು ಚಿಮ್ಮಿ ರೆಕ್ಕೆಯ ಭಾಗಗಳನ್ನು ಸುಡಬಲ್ಲುದು.

ಇಂತಹ ಕೊಳವೆಗಳನ್ನು ಮಾಡುವುದೇ ಒಂದು ಕಸುಬಾಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ನಗರದ ಸೋಲಾರ್ ಎಂಬ ಸಂಸ್ಥೆಯು ಮೊದಲು ವಿಮಾನಗಳನ್ನು ಕಟ್ಟಲೆಂದು ಹುಟ್ಟಿದ್ದು. ಕೆಲವೇ ವಿಮಾನಗಳನ್ನು ಕಟ್ಟುವಷ್ಟರಲ್ಲಿ ೧೯೨೯ರ ತರುವಾಯದ ವ್ಯಾಪಾರದ ಮುಗ್ಗಟ್ಟು ಬಂದು ಕೊಳ್ಳುವವರೇ ಇಲ್ಲದಂತಾಯಿತು. ಅದನ್ನು ಉಳಿಸಿದ್ದು ಹೊಗೆಗೊಳವೆ. ಉಕ್ಕಿನ ತಗಡನ್ನು ಅಚ್ಚಿನ ಮೇಲಿಟ್ಟು, ಭಾರವಾದ ಸುತ್ತಿಗೆಯನ್ನು ಬೀಳಿಸಿ, ಕೊಳವೆಯ ಎರಡು ಹೋಳುಗಳನ್ನು ಬೇರೆಬೇರೆಯಾಗಿ ಒತ್ತಿ, ಬಳಿಕ ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು ಅಲ್ಲಿನ ರೀತಿ. ಎರಡನೆಯ ಮಹಾಯುದ್ಧದ ವೇಳೆಗೆ ಈ ಕೆಲಸದಲ್ಲಿ ಅದು ಅಮೆರಿಕದ ಅಗ್ರಗಣ್ಯ ಸಂಸ್ಥೆಗಳಲ್ಲೊಂದಾಗಿತ್ತು. ೧೯೪೦ರ ಕಾಲಿಯರ್ ಪಾರಿತೋಷಕವು ಮಾಸನಿಗೂ ಸೇನೆಯ ವಾಯುದಳಕ್ಕೂ ಸಂದಿತು. ತಗಡನ್ನು ಬಡಿದವರಿಗೆ ಪಾರಿತೋಷಕವಿಲ್ಲ. ಇದ್ದ ವಾಡಿಕೆಯೇ ಅದು.

ಇಲ್ಲೊಂದು ವಿನೋದವುಂಟು. ಬ್ಯೂಕಿಯ ನಿಯಮದಂತೆ ಕೊಳವೆ ಗಿಡ್ಡವಾಗಿರಬೇಕು. ಅಮೆರಿಕದವರ ಥಂಡರ್‌ಬೋಲ್ಟ್ ಯುದ್ಧವಿಮಾನದಲ್ಲಿ ಟರ್ಬೈನು ಇದ್ದುದು ಚಾಲಕನ ಬೆನ್ನ ಹಿಂದೆ, ವಿಮಾನದ ಬಾಲದ ಕಡೆ. ಮೂಗಿನಲ್ಲಿದ್ದ ಇಂಜಿನಿನ ಹೊಗೆಯು ಹೊಟ್ಟೆಯ ಇಕ್ಕೆಲಗಳಲ್ಲಿ ಹರಿದು ಅಷ್ಟುದೂರ ಹೋಗಬೇಕಾಗಿತ್ತು. ಇದು ಅಜ್ಞಾನವಲ್ಲ. ವಿಮಾನದ ತೂಕವನ್ನು ಸರಿತೂಗಿಸುವ ಅನುಕೂಲದೊಡನೆ, ದಾರಿಯಲ್ಲಿ ಹೊಗೆಯು ಸ್ವಲ್ಪ ತಣಿಯುವುದೂ ಟರ್ಬೈನಿನ ಅಲಗುಗಳಿಗೆ ಹಿತವಾಗಿತ್ತು. ಮೇಲಿನ ತೆಳುಗಾಳಿಗೆ ಹೊಗೆಯನ್ನು ಬಿಡುವುದರಿಂದ ಒತ್ತಡದ ಅಂತರವು ತಾನಾಗಿಯೇ ದೊರೆಯುತ್ತಿದ್ದುದರಿಂದ, ಪ್ರತಿ ಹೊಡೆತದ ರಭಸವನ್ನು ಜೋಪಾನಮಾಡುವ ಆತುರ ಅವರಿಗಿರಲಿಲ್ಲ. ಕೊಳವೆಯ ಉದ್ದವು ಎಷ್ಟಿರಬೇಕೆಂಬ ಪ್ರಶ್ನೆಗೆ ಹಡಗಿನವನ ಉತ್ತರ ಒಂದು, ವಿಮಾನದವನ ಉತ್ತರ ಇನ್ನೊಂದು. ಎರಡೂ ಸರಿ.

ಈ ಚರಿತ್ರೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ಸೇರುತ್ತದೆ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ, ೧೯೪೩ರಿಂದ, ಅಮೆರಿಕದ ವಾಯುಸೇನೆಯ ಆಡಳಿತದಲ್ಲಿದ್ದು ವಿಮಾನಗಳ ದುರಸ್ತಿಯಲ್ಲಿ ತೊಡಗಿತ್ತು. ಯುದ್ಧವು ಮುಗಿದಾಗ ಕಾನಪುರದ ಬಯಲಿನಲ್ಲಿ ನಾಲ್ಕು ಇಂಜಿನುಗಳ ಲಿಬರೇಟರ್ ಬಾಂಬು ವಿಮಾನಗಳು ಮತ್ತೆ ಹಾರದಂತೆ ಕೆಡಿಸಲ್ಪಟ್ಟು ಗುಜರಿಯಾಗಿ ಬಿದ್ದಿದ್ದುವು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬು ವಿಮಾನಗಳು ಬೇಕಾಗಿದ್ದುವು, ಕೊಳ್ಳುವ ಅನುಕೂಲವಿರಲಿಲ್ಲ. ೧೯೪೮ರಲ್ಲಿ ಆ ಗುಜರಿಯಿಂದ ಸುಮಾರು ನಲವತ್ತು ವಿಮಾನಗಳನ್ನು ಎಬ್ಬಿಸುವ ಕೆಲಸವು ಬೆಂಗಳೂರಿನ ಕಾರ್ಖಾನೆಯ ಪಾಲಿಗೆ ಬಂದಿತು. ಅಲ್ಲಿಯೇ ಹಾರುವಷ್ಟರಮಟ್ಟಿಗೆ ತೇಪೆಹಾಕಿ, ಕಾರ್ಖಾನೆಯ ಪರೀಕ್ಷಾ ಚಾಲಕರಾದ ಜಮ್‌ಶೆಡ್ ಮುನ್ಷಿಯವರು ಅವುಗಳನ್ನು ಸುಮಾರು ೯೫೦ ಮೈಲಿ ದೂರದ ಬೆಂಗಳೂರಿಗೆ ಹಾರಿಸಿಕೊಂಡು ತಂದರು. ಒಂದೊಂದು ಲಿಬರೇಟರಿನಲ್ಲಿ ನಾಲ್ಕು ಇಂಜಿನು, ೫೬ ಸಿಲಿಂಡರು, ನಾಲ್ಕು ಹೊಗೆಯ ಟರ್ಬೈನು. ಪ್ರತಿ ಇಂಜಿನಿನ ಸುತ್ತಲೂ ೧೪ ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಉಕ್ಕಿನ ಬಳೆ, ಅದರಿಂದ ಹಿಂದಕ್ಕೆ ಟರ್ಬೈನಿನವರೆಗೆ ಕೊಳವೆ. ಇಂತಹ ರಚನೆಯುಳ್ಳ ವಿಮಾನವನ್ನು, ಬಿಡಿಭಾಗಗಳ ಅಂಗಡಿಯು ಸಮುದ್ರದಾಚೆ ಇರುವಾಗ, ಗುಜರಿಯಿಂದ ಎಬ್ಬಿಸುವುದೆಂದರೆ ಏನೆಂಬುದನ್ನು ಮೇಲೆ ಹೇಳಿದ ಬಿರುಕು, ಕೀಲು, ಬೆಸುಗೆಗಳ ಕಥೆಯನ್ನು ಓದಿದ ವಾಚಕರು ಊಹಿಸಿಕೊಳ್ಳಬಹುದು. ಆ ವಿಮಾನಗಳು ಭಾರತದ ವಾಯುಸೇನೆಯಲ್ಲಿ ೧೯೬೮ರವರೆಗೂ ದುಡಿದುವು. ಲೋಕದಲ್ಲಿ ಮಿಕ್ಕೆಡೆಗಳಲ್ಲಿ ಆ ಜಾತಿಯ ವಿಮಾನಗಳು ಬಹುಮಟ್ಟಿಗೆ ಚೂರಾಗಿ ಹೋಗಿದ್ದುದರಿಂದ, ಬ್ರಿಟನ್, ಅಮೆರಿಕ, ಕೆನಡಗಳ ವಸ್ತುಸಂಗ್ರಹಾಲಯಗಳು ಭಾರತದಿಂದಲೇ ಅವುಗಳನ್ನು ಬೇಡಿ ತರಿಸಿಕೊಂಡುವು.

ಬ್ಯೂಕಿಯ ಪದ್ಧತಿಯು ಆಕಾಶದಲ್ಲಿಯೂ ಕಡೆಗೆ ತಲೆಯೆತ್ತಿತು. ೧೯೫೪ರಿಂದ ಏರ್ ಇಂಡಿಯಾದವರು ಹಾರಿಸಿದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳ ೧೮ ಸಿಲಿಂಡರುಗಳ ರೈಟ್ ಇಂಜಿನಿನಲ್ಲಿ ಆರಾರು ಸಿಲಿಂಡರುಗಳಿಗೆ ಒಂದರಂತೆ ಮೂರು ಟರ್ಬೈನುಗಳಿದ್ದು, ಗಿಡ್ಡವಾದ ಕೊಳವೆಗಳಲ್ಲಿ ಬಂದ ಹೊಡೆತಗಳ ರಭಸವನ್ನೇ ಹಿಡಿದು ಸುಮಾರು ೪೫೦ ಅಶ್ವಶಕ್ತಿಯನ್ನು ನೇರವಾಗಿ ಕ್ರ್ಯಾಂಕಿಗೆ ಹಿಂದಿರುಗಿಸುತ್ತಿದ್ದುವು. ಜೆಟ್ ಇಂಜಿನುಗಳು ಬಂದು ಆ ಅಧ್ಯಾಯವು ಬೇಗ ಮುಗಿಯಿತು. ಪಂದ್ಯದ ಕಾರುಗಳಲ್ಲಿಯೂ ಅದೇ ಪಾಠವನ್ನು ಮತ್ತೆ ಕಲಿಯಬೇಕಾಯಿತು. ೧೯೭೭ರಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯು ಟರ್ಬೋಚಾರ್ಜರುಳ್ಳ ಕಾರನ್ನು ಫಾರ್ಮುಲಾ ಒಂದರ ಪಂದ್ಯಕ್ಕಿಳಿಸಿದಾಗ, ಎರಡು ಸಾಲು ಸಿಲಿಂಡರುಗಳ ಹೊಗೆಯೂ ಒಂದೇ ಟರ್ಬೈನಿಗೆ ಬರಬೇಕಾಗಿತ್ತು. ಕಾರು ತಡವಾಗಿ ಎಚ್ಚರಗೊಳ್ಳುತ್ತಿತ್ತು. ಹಲವು ಸಲ ಹೊಗೆಯುಗುಳಿ ನಿಂತುಬಿಡುತ್ತಿದ್ದುದರಿಂದ ಅದಕ್ಕೆ ಹಳದಿ ಚಹಾಪಾತ್ರೆಯೆಂದು ಹೆಸರಿಟ್ಟರು. ೧೯೭೯ರಲ್ಲಿ ಸಾಲಿಗೊಂದರಂತೆ ಎರಡು ಸಣ್ಣ ಟರ್ಬೈನುಗಳನ್ನಿಟ್ಟು ಕೊಳವೆಗಳನ್ನು ಗಿಡ್ಡಮಾಡಿದರು. ಆ ವರ್ಷದ ಜುಲೈ ಮೊದಲ ದಿನ ದಿಜಾನ್ ನಗರದಲ್ಲಿ ಜಾನ್ ಪಿಯರ್ ಜಬೂಯಿಯು ಅದರಲ್ಲಿ ಗೆದ್ದನು.

ಈಗ ಹೆಡರನ್ನು ಕೈಯಿಂದ ಕಟ್ಟುವವನು ಕಾರ್ಖಾನೆಯಿಂದ ಬಾಗಿ ಬಂದ ಕೊಳವೆಗಳನ್ನು ತುಂಡರಿಸಿ, ತುಂಡಿಗೆ ತುಂಡು ಜೋಡಿಸಿ, ಒಂದೊಂದರ ಉದ್ದವೂ ಆದಷ್ಟು ಸಮನಾಗುವಂತೆ ಹೆಣೆಯುತ್ತಾನೆ. ಟಂಗ್‌ಸ್ಟನ್ ಮೊನೆಯಿಂದ ಜಡ ಅನಿಲದ ಆಸರೆಯಲ್ಲಿ ಬೆಸೆಯುವ ಕ್ರಮವು ೧೯೪೧ರ ಸುಮಾರಿನಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಾರ್ಖಾನೆಯಲ್ಲಿ ರಸೆಲ್ ಮೆರೆಡಿತ್ ಎಂಬಾತನಿಂದ ರೂಪುಗೊಂಡದ್ದು. ಆಗ ಹೀಲಿಯಂ, ಈಗ ಹೆಚ್ಚಾಗಿ ಆರ್ಗಾನ್. ಹೊರಗಿನಿಂದ ಬೆಸೆಯುವಾಗ ಕೊಳವೆಯ ಒಳಗೂ ಆರ್ಗಾನನ್ನು ತುಂಬಿರಬೇಕು. ತುಂಬದೆ ಹೋದರೆ ಬೆಸುಗೆಯ ಒಳಮೈ ಗಾಳಿಗೆ ಸುಟ್ಟು ಸಕ್ಕರೆಯ ಹರಳಿನಂತೆ ಒರಟಾಗುತ್ತದೆ. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ. ಎಂದೋ ಒಂದು ದಿನ ಆ ಹರಳೊಂದು ಕಳಚಿಕೊಂಡು ಹೊಗೆಯೊಡನೆ ಹಾರಿ ಟರ್ಬೈನಿನ ಅಲಗಿಗೆ ಬಡಿಯುತ್ತದೆ. ಟರ್ಬೋಚಾರ್ಜರಿನ ಭಾರವನ್ನು ಹೆಡರಿಗೇ ನೇತುಹಾಕುವುದು ಮತ್ತೊಂದು ಸಾಮಾನ್ಯವಾದ ಅನರ್ಥ. ಕೆಂಪಗೆ ಕಾದ ತೆಳು ಉಕ್ಕಿಗೆ ಭಾರವನ್ನು ಹೊರಿಸಬಾರದು, ಅದಕ್ಕೆ ಬೇರೆ ಆಧಾರವನ್ನು ಕೊಡಬೇಕು.

ಹಡಗುಗಳ ಕಡೆಯಲ್ಲಿ ಚರಿತ್ರೆಯು ಒಂದು ಸುತ್ತು ಹೊಡೆದಿದೆ. ಎರಡು ಹೊಡೆತಗಳ ಭಾರಿ ಇಂಜಿನಿಗೆ ಟರ್ಬೋಚಾರ್ಜರನ್ನು ಹೊಂದಿಸಿದ ಮೊದಲ ಹಡಗು, ‘ಡೋರ್ಥೆ ಮೇರ್ಸ್ಕ್’ ಎಂಬ ಡೆನ್ಮಾರ್ಕಿನ ಎಣ್ಣೆಹಡಗು, ೧೯೫೨ರಲ್ಲಿ ನೀರಿಗಿಳಿಯಿತು. ಬ್ಯೂಕಿಯು ೧೯೫೯ರವರೆಗೆ ಬದುಕಿದ್ದನು. ತರುವಾಯ ಟರ್ಬೈನುಗಳೂ ಗಾಳಿಯೊತ್ತುವ ಚಕ್ರಗಳೂ ಎಷ್ಟು ಸಮರ್ಥವಾದುವೆಂದರೆ, ಹೊಡೆತದ ರಭಸವನ್ನು ಉಳಿಸುವುದಕ್ಕಿಂತ ಒಂದೇ ಸಮನಾದ ಹರಿವನ್ನು ಕೊಡುವುದೇ ಹೆಚ್ಚು ಲಾಭವೆಂದು ಕಂಡುಬಂದಿತು. ೧೯೭೦ರ ದಶಕವು ಮುಗಿಯುವ ಹೊತ್ತಿಗೆ ಭಾರಿ ಹಡಗಿನ ಇಂಜಿನುಗಳು, ಬ್ಯೂಕಿಯು ಕೈಬಿಟ್ಟಿದ್ದ ಒಂದೇ ದೊಡ್ಡ ಕೊಳವೆಗೆ ಹಿಂದಿರುಗಿದುವು. ಆರು ಸಿಲಿಂಡರುಗಳ ಲಾರಿ ಇಂಜಿನುಗಳಲ್ಲಿ ಮಾತ್ರ ಹಳೆಯ ಹಂಚಿಕೆಯೇ ಬಹುವಾಗಿ ನಿಂತಿದೆ. ಎರಕದ ಕಬ್ಬಿಣದ ಕೊಳವೆಯನ್ನು ಮೂರು ತುಂಡುಮಾಡಿ, ಹಿಗ್ಗುವುದಕ್ಕೆ ಜಾರುವ ಕೀಲುಗಳನ್ನಿಟ್ಟಿರುತ್ತಾರೆ. ಟರ್ಬೋಚಾರ್ಜರನ್ನು ಬಿಚ್ಚಿ ನೋಡಿದರೆ ಅದರ ಬಾಯಿ ಒಂದಲ್ಲ, ನಡುವೆ ಗೋಡೆಯುಳ್ಳ ಎರಡು: ಒಂದು ಮುಂದಿನ ಮೂರು ಸಿಲಿಂಡರುಗಳಿಗೆ, ಒಂದು ಹಿಂದಿನ ಮೂರಕ್ಕೆ.